ತೋಟದ ಕಾಫಿ, ಅಂಗಡಿ ಪುಡಿ

ದೀಪಾವಳಿ ಕಳೆದ ಮೇಲೆ, ವನಗೂರಿನ ನಮ್ಮ ಮನೆಯಂಗಳದಲ್ಲಿ ಸ್ವಾವಲಂಬಿ ಬದುಕಿನ ಶಿಬಿರ ನಡೆಸಬೇಕೆಂಬ ಹುಚ್ಚು ನನ್ನದೇ. ಊಟಕ್ಕೆ ಉಪ್ಪು, ಬೆಲ್ಲ ಬಿಟ್ಟರೆ ಅಂಗಡಿಯದೇನೂ ಇರಕೂಡದೆಂದು ಅತ್ತೆಗೆ ತಾಕೀತು ಮಾಡಿದ್ದೆ. ಅಕ್ಕಿ, ಕೆಸುವಿನ ಸೊಪ್ಪು, ಸೂಜಿಮೆಣಸು, ಜೇನು ಎಲ್ಲ ನಮ್ಮವೇ. ಪಾಠ ಹೇಳಲು ಹಾಸನದಿಂದ ಬಂದಿದ್ದ ಮೇಡಂ ಊಟದ ನಂತರ ಕಾಫಿ ಕುಡಿಯುತ್ತ, “ಇದೂ ನಿಮ್ಮ ತೋಟದ್ದೇನಾ?” ಎಂದರು.

ನಾನು ಅತ್ತೆಯ ಮುಖ ನೋಡಿದೆ. ಬೆಳೆದ ಕಾಫಿಯನ್ನೆಲ್ಲ ಮೂಟೆ ಕಟ್ಟಿ ಮಾರಿ, ಕುಡಿಯಲು ಸಕಲೇಶಪುರದಿಂದ ಚಿಕೋರಿ ಬೆರೆಸಿದ ಪುಡಿ ತರುವುದು ಸುತ್ತಲಿನ ಬೆಳೆಗಾರರೆಲ್ಲರ ಹಾಗೆ ನಮಗೂ ರೂಢಿ. ಅದೊಂದು ವಿಚಿತ್ರವೆಂದು ಆವರೆಗೆ ಹೊಳೆದೇ ಇರಲಿಲ್ಲ.

“ನಮ್ದೇ ಕಣಮ್ಮ, ನಾನೇ ಹುರ್ದು ಕುಟ್ಟಿದ್ದು,” ಎಂದರು ಅತ್ತೆ. ಸುಳ್ಳು ಹೇಳುವವರೇ ಅಲ್ಲ ಅವರು. ನನ್ನ ಮಾನ ಉಳಿಸಲೆಂದು ಹೇಳಿದರು. ನಾನು ತಲೆತಗ್ಗಿಸಿ ಖಾಲಿ ಲೋಟ ಎತ್ತಿದೆ.

ಮರುದಿನವೇ ಅವರು ಬೇಗ ಹಣ್ಣಾದ ಗಿಡಗಳಿಂದ ಒಂದು ಕುಕ್ಕೆ ಕಿತ್ತು ತಂದು ಅಂಗಳದಲ್ಲಿ ಒಣಹಾಕಿದರು. ಒಣಗಿದ ಮೇಲೆ ಒರಳಲ್ಲಿ ಕುಟ್ಟಿ, ಸಿಪ್ಪೆ ಕೇರಿ, ಹಂಚಿನ ಮೇಲೆ ಹುರಿದರು. “ಯಾಕತ್ತೆ ಈ ಗೋಳು?” ಎಂದೆ.

“ಹೇಳ್ಬುಟ್ಟಿದೀನಲ್ಲವ್ವ, ಮಾಡ್ದೆ ಇದ್ರೆ ಆಯ್ತದಾ?”

ಬದುಕಿನ ಕೊನೆಯವರೆಗೂ ಅವರು ಸೀದ ವಾಸನೆಯ ಆ ಕಾಫಿಯನ್ನೇ ಕುಡಿದರು. ಮೊದಲ ದಿನ ನಾನು ಅದಕ್ಕೆ ಮುಖ ಕಿವುಚಿದ್ದನ್ನು ನೋಡಿರಬೇಕು. ನನ್ನ ಲೋಟಕ್ಕೆ ಮಾತ್ರ ಅಂಗಡಿಯ ಪುಡಿ ಹಾಕಿ, ತಾವೇ ಬೆರೆಸಿ ತಂದುಕೊಡುತ್ತಿದ್ದರು.