ನೀರು ಹೊಯ್ದು ನೋಡಿದ ಕಾರು

ಹಳೇ ಕಾರು ಕೊಳ್ಳುವ ಮೊದಲು ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ನನ್ನ ಅಪ್ಪಯ್ಯ ನೋಡಿದ್ದನ್ನು ಹೇಳಿದರೆ ಕೇಳಿದವರು ನನಗೇ ತಲೆ ಸರಿ ಇಲ್ಲ ಎಂದುಕೊಳ್ಳುತ್ತಾರೆ.

ಬೈಂದೂರಿಗೆ ರೈಲು ಬಂದು ಒಂದೆರಡು ವರ್ಷವಾಗಿತ್ತು. ನನ್ನ ಅಪ್ಪಯ್ಯ ಮೀನಿನ ದೋಣಿಯಲ್ಲಿ ತಾಂಡೇಲನಾಗಿದ್ದವನು. ತಾಂಡೇಲ ಎಂದರೆ ದೋಣಿಗೆ ಯಜಮಾನ ಇದ್ದ ಹಾಗೆ, ಅವನು ಹೇಳಿದ ಕಡೆ ಬಲೆ ಬೀಳಬೇಕು. ಎಡಭುಜ ಹಾಳಾದ ಮೇಲೆ ಡಾಕ್ಟರು ಇನ್ನು ಬಲೆ ಎಳೆಯಬೇಡ ಎಂದರು. ಅಪ್ಪಯ್ಯ ದೋಣಿಯಲ್ಲಿದ್ದ ತನ್ನ ಪಾಲು ಮಾರಿದ. ಒಂದು ಹಳೇ ಅಂಬಾಸಿಡರ್ ಕೊಂಡು ರೈಲ್ವೆ ಸ್ಟೇಷನ್ನಿನ ಎದುರು ಬಾಡಿಗೆಗೆ ನಿಲ್ಲಿಸುತ್ತೇನೆ ಎಂದು ಹಟ ಹಿಡಿದ.

ಕಾರು ಕೈಕೊಟ್ಟರೆ ಬೊಂಬಾಯಿಯೇ ಗತಿ. ಅಲ್ಲಿ ನಮ್ಮೂರಿನವರೊಬ್ಬರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಟೋಕನ್ ಹರಿದುಕೊಡುವ ಕೆಲಸ ಅವನಿಗಾಗಿ ಕಾದಿತ್ತು. ಆ ಮಾತು ಬಂದರೆ ಸಾಕು, ಅಪ್ಪಯ್ಯ ಅರ್ಧ ಊಟದಲ್ಲಿ ಕೈತೊಳೆಯುತ್ತಿದ್ದ. ಅಮ್ಮನಿಗೆ ಮಾತ್ರ ಕಾರಿನ ಮೇಲೆ ಕಿಂಚಿತ್ತೂ ನಂಬಿಕೆ ಇರಲಿಲ್ಲ. ಬೊಂಬಾಯಿಗೆಂದು ಅವನ ಅಂಗಿ, ಲುಂಗಿ ಮಡಚಿ ಟ್ರಂಕಿಗೆ ಹಾಕಿ ಮಂಚದಡಿಗೆ ತಳ್ಳಿಬಿಟ್ಟಿದ್ದಳು. ಇವನೂ ಕಡಿಮೆಯಿಲ್ಲ. ಕುಂದಾಪುರಕ್ಕೆ ಹೋಗಿ ಡ್ರೈವಿಂಗ್ ಕಲಿತ, ಲೈಸೆನ್ಸ್ ಮಾಡಿಸಿದ, ಖಾಕಿ ಅಂಗಿ ಹೊಲಿಸಿದ. ಕಾರೊಂದು ಬಿಟ್ಟು ಎಲ್ಲವೂ ಇತ್ತು.

"ಕೂಸ್ ಹುಟ್ಟುಕ್ ಮುಂಚೆ ಕುಲಾವಿ," ಎಂದು ಅಮ್ಮ ಮೂಗು ಮುರಿದಳು.

ಬ್ರಹ್ಮಾವರದಲ್ಲಿ ಶಾಲೆಯಿಂದ ನಿವೃತ್ತರಾದ ಮಾಷ್ಟ್ರೊಬ್ಬರ ಮನೆಯಲ್ಲಿ ಒಂದು ಕಾರಿದೆ ಎಂದು ಸುದ್ದಿ ಬಂತು. ನೋಡಲು ಹೋದದ್ದು ಅಪ್ಪಯ್ಯ, ಅಮ್ಮನ ಅಣ್ಣನಾದ ಮಾವ, ಮತ್ತು ನಾನು. ಮಾವ ದೋಣಿ ಕಟ್ಟುವ ಬಡಗಿ. ನಾನು ಕಾಲೇಜಿಗೆ ಹೋಗುತ್ತಿದ್ದವಳು, ಮಾಷ್ಟ್ರ ಹತ್ತಿರ ಮಾತಾಡಲು ಬೇಕಾಗುತ್ತದೆ ಎಂದು ಎಳೆದುಕೊಂಡು ಹೋದರು. ಕಾರಿನ ವಿಷಯ ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಬೇಕೆಂದು ಮೂವರಿಗೂ ಹೊಳೆಯಲಿಲ್ಲ.

ಕೊಟ್ಟಿಗೆಯಲ್ಲಿ ಕಾರು ಹಳೇ ಸೀರೆ ಹೊದ್ದುಕೊಂಡು ನಿಂತಿತ್ತು. ಮಾಷ್ಟ್ರು ಸೀರೆ ಸರಿಸಿದರು. ಬಿಳಿ ಬಣ್ಣ, ದುಂಡು ಮೂತಿ, ಮುಖ ಕಾಣುವಷ್ಟು ಹೊಳೆಯುವ ಬಂಪರು. ಅವರು ದಿನಾ ಬೆಳಿಗ್ಗೆ ಅದರ ಹಿಂದಿನ ಸೀಟಿನಲ್ಲಿ ಕೂತೇ ಪೇಪರ್ ಓದುವುದಂತೆ.

"ಸದ್ದ್ ಒಂಚೂರೂ ಇಲ್ಲೆ ಇದ್ರದ್ದ್," ಎಂದರು ಮಾಷ್ಟ್ರು.

"ಅದ್ ಒಳ್ಳೇದಾಯ್ತ್," ಎಂದ ಅಪ್ಪಯ್ಯ.

"ಎಣ್ಣೆಯೂ ಕುಡಿತಿಲ್ಲೆ."

ಅಪ್ಪಯ್ಯ ಖುಷಿಯಿಂದ ನನ್ನ ಮುಖ ನೋಡಿದ. ಮಾಷ್ಟ್ರು ಬಂದವರಿಗೆ ಬೆಲ್ಲ, ನೀರು ತರಲು ಒಳಗೆ ಹೋದರು. ಇವರಿಬ್ಬರೂ ಪರೀಕ್ಷೆಗೆ ಇಳಿದರು. ಬೆರಳ ಗೆಣ್ಣಿನಿಂದ ಕಾರಿನ ಮೈಯೆಲ್ಲ ಬಡಿಯುವುದು, ಕಿವಿ ಇಟ್ಟು ಕೇಳುವುದು. ಹಲಗೆ ಕೊಳೆತು ಕುಂಬಾಗಿದ್ದರೆ ಸದ್ದು ಮಂಕಾಗುತ್ತದಂತೆ. ತಗಡಿನ ಕಾರಿನಲ್ಲಿ ಹಲಗೆ ಎಲ್ಲಿಂದ ಬರಬೇಕು, ದೇವರೇ ಬಲ್ಲ.

"ಭಾವ, ಬಡ್ದ್ ಕಂಡ್ರೆ ಸಾಕಾತಿಲ್ಲೆ. ನೀರ್ ಹೊಯ್ದ್ ಕಾಂಬ," ಎಂದ ಮಾವ.

ಹಳೇ ದೋಣಿ ಕೊಳ್ಳುವಾಗ ನಮ್ಮವರು ದಡದಲ್ಲೇ ಅದರೊಳಗೆ ನೀರು ತುಂಬಿ ಕಾಯುತ್ತಾರೆ. ಎಲ್ಲಿ ಬಿರುಕಿದೆಯೋ ಅಲ್ಲಿ ಅಡಿಯಿಂದ ಹನಿ ಬೀಳುತ್ತದೆ. ಮಾರುವವನು ಎಷ್ಟೇ ಬಣ್ಣ ಬಳಿದರೂ ನೀರು ಸುಳ್ಳು ಹೇಳುವುದಿಲ್ಲ. ಸರಿ, ದೋಣಿಗೆ ಒಪ್ಪುವ ಮಾತು.

"ಅಪ್ಪಯ್ಯಾ, ಇದ್ ಕಾರ್ ಮಾರಾಯ," ಎಂದೆ ನಾನು.

"ಅಡಿ ಅಂದ್ರೆ ಅಡಿಯೇ ಹೆಣೆ," ಎನ್ನುತ್ತ ಮಾವ ಬಾವಿಕಟ್ಟೆಯ ಕೊಡಪಾನ ಎತ್ತಿಯಾಗಿತ್ತು.

ಮಾವ ಸೇದಿದ, ಅಪ್ಪಯ್ಯ ಕಾರಿನೊಳಗೆ ಹೊಯ್ದ. ನಾನು ಅಡ್ಡ ನಿಂತರೆ ನನ್ನ ಕಾಲ ಮೇಲೂ ಹೊಯ್ದರು. ನೀರು ಬಾಗಿಲ ಕೆಳ ಅಂಚಿನವರೆಗೆ ಏರಿತು. ಆಮೇಲೆ ಇಬ್ಬರೂ ಕಾರಿನಡಿ ಅಂಗಾತ ಮಲಗಿ, ಮೇಲೆ ನೋಡುತ್ತ, ಉಸಿರು ಬಿಗಿಹಿಡಿದು ಕಾದರು.

"ಒಂದ್ ಹನಿ ಇಲ್ಲೆ ಭಾವ," ಎಂದ ಅಪ್ಪಯ್ಯ.

ಅಷ್ಟರಲ್ಲಿ ಮಾಷ್ಟ್ರು ತಟ್ಟೆ ಹಿಡಿದು ಬಂದರು. ಕಾರಿನಡಿಯಿಂದ ಹೊರಗೆ ಚಾಚಿದ ನಾಲ್ಕು ಕಾಲುಗಳನ್ನು ನೋಡಿದರು. ಒಳಗೆ ಇಣುಕಿ, ತಾವು ಪೇಪರ್ ಓದುವ ಸೀಟಿನ ಕೆಳಗೆ ಅಲೆಯಾಡುವ ನೀರನ್ನು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಎಂತ, ಮೀನ್ ಸಾಂಕುವ ಅಂದಾಜಾ?" ಎಂದು ಕೇಳಿದರು, ಸಮಾಧಾನದಿಂದಲೇ.

ತೂತಿಲ್ಲದ ಅಡಿಯ ತೊಂದರೆ ಎಂದರೆ ಹೊಯ್ದ ನೀರು ಹೊರಗೆ ಹೋಗುವುದಿಲ್ಲ. ಅಪ್ಪಯ್ಯ ಒಂದು ತೆಂಗಿನ ಗೆರಟೆ ಹಿಡಿದು ಕಾರಿನೊಳಗೆ ಕುಕ್ಕರುಗಾಲಲ್ಲಿ ಕೂತು, ಬಲಗೈಯಿಂದ ನೀರು ಮೊಗೆದು ಹೊರಗೆ ಚೆಲ್ಲತೊಡಗಿದ. ಒಂದು ಲಯ ಹಿಡಿಯಿತು ಆ ಕೈಗೆ. ಭುಜ ಹಾಳಾದ ದಿನದಿಂದ ಜಗಲಿಯಲ್ಲಿ ಸುಮ್ಮನೆ ಕೂತು ಒಣಗುತ್ತಿದ್ದವನು, ಆ ಹೊತ್ತು ಯಾವುದೋ ಹಾಡು ಗುನುಗುತ್ತಿದ್ದ. ನನ್ನ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿತು. ಇದೇ ಕಾರು ಆಗಲಿ ಎಂದು ನಾನೂ ಮನಸ್ಸಿನಲ್ಲೇ ಹರಕೆ ಹೊತ್ತೆ.

ವ್ಯಾಪಾರ ಕುದುರಿತು. ದುಡ್ಡು ಮಾಷ್ಟ್ರ ಕೈ ಸೇರಿತು. ಅವರು ಕೀಲಿಕೈಯನ್ನು ವೀಳ್ಯದೆಲೆಯ ಮೇಲಿಟ್ಟು ಕೊಟ್ಟರು. ಅಪ್ಪಯ್ಯ ಖಾಕಿ ಅಂಗಿ ತೊಟ್ಟು, ಒದ್ದೆ ಸೀಟಿನಲ್ಲಿ ಕೂತು, ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡು ತಿರುಗಿಸಿದ. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದ.

"ಹ್ವಾಯ್ ಮಾಷ್ಟ್ರೆ, ಸ್ಟಾರ್ಟ್ ಆತಿಲ್ಲೆ ಮಾರ್ರೆ."

"ಹ್ಯಾಂಗ್ ಆತ್ತ್? ಇಂಜಿನ್ ಬೇಕಲ್ದಾ," ಎಂದರು ಮಾಷ್ಟ್ರು.

ಮಾವ ಓಡಿ ಬಾನೆಟ್ ಎತ್ತಿದ. ಇಂಜಿನ್ ಇರಬೇಕಾದ ಜಾಗದಲ್ಲಿ ಗೋಣಿತಾಟು ಹಾಸಿಕೊಂಡು ಒಂದು ಬೆಕ್ಕು ಮರಿಗಳಿಗೆ ಹಾಲು ಕುಡಿಸುತ್ತಿತ್ತು. ನಮ್ಮನ್ನು ನೋಡಿ ಅದಕ್ಕೆ ಬೇಜಾರಾಯಿತು.

"ಬಂದವ್ರೆಲ್ಲ ಮೊದ್ಲ್ ಬಾನೆಟ್ ಎತ್ತಿ ಕಂಡ್, ಹಾಂಗೇ ಹೋದ್ರ್," ಎಂದರು ಮಾಷ್ಟ್ರು. "ನೀವ್ ಎತ್ತಲೇ ಇಲ್ಲೆ. ಗೊತ್ತಿದ್ದೇ ಬಂದದ್ದ್ ಅಂದ್ಕಂಡೆ. ಇಂಜಿನ್ ಸೌದೆ ಕೊಟ್ಟಿಗೆಗಿತ್ತ್. ರಿಪೇರಿಗಂದ್ ಇಳ್ಸದ್ದ್, ಮತ್ತೆ ಹತ್ತಿಸ್ಲಿಲ್ಲೆ. ಅದೂ ನಿಮ್ದೇ, ತಕಂಡ್ ಹೋಯ್ನಿ."

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕೆಂದೇ ತಿಳಿಯಲಿಲ್ಲ. ಅಪ್ಪಯ್ಯ ಸ್ಟಿಯರಿಂಗ್ ಬಿಡದೆ ಕೂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಮಂಚದಡಿಯ ಟ್ರಂಕು ನನ್ನ ಕಣ್ಣಿಗೆ ಕಟ್ಟಿತು, ಅವನಿಗೂ ಕಟ್ಟಿರಬೇಕು.

ಆಮೇಲೆ ಇಳಿದು ಸೌದೆ ಕೊಟ್ಟಿಗೆಗೆ ಹೋದ. ಇಂಜಿನ್ನಿನ ಮೇಲಿದ್ದ ತೆಂಗಿನ ಮಡಲು ಸರಿಸಿ, ಎದುರು ಕೂತು, ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದ.

"ಎಂತಕ್ಕ್ ಹೆದ್ರುದ್?" ಎಂದ ಕೊನೆಗೆ. "ಅಡಿ ಗಟ್ಟಿ ಇದ್ರೆ ಮಿಷಿನ್ ಕೂರ್ಸ್ಲಕ್ಕ್. ದೋಣಿಗೂ ಹಾಂಗೇ ಅಲ್ದಾ. ದೋಣಿ ಬೇರೆ, ಮಿಷಿನ್ ಬೇರೆ."

ಮಾವನಿಗೂ ಅದು ಸರಿ ಕಂಡಿತು. ವಿಚಿತ್ರವೆಂದರೆ ಮಾಷ್ಟ್ರಿಗೂ ಸರಿ ಕಂಡಿತು. ಮೂವರೂ ತಲೆಯಾಡಿಸಿದರು. ಅಲ್ಲಿ ಹುಚ್ಚು ಹಿಡಿದಂತೆ ನಿಂತವಳು ನಾನೊಬ್ಬಳೇ.

ಮೀನು ಇಳಿಸಿ ಬೈಂದೂರಿಗೆ ವಾಪಸಾಗುತ್ತಿದ್ದ ಟೆಂಪೋ ಒಂದು ಸಿಕ್ಕಿತು. ಮೀನಿನ ಬುಟ್ಟಿಗಳ ನಡುವೆ ಇಂಜಿನ್, ಹಿಂದೆ ಹಗ್ಗ ಕಟ್ಟಿದ ಕಾರು. ಖಾಕಿ ಅಂಗಿಯ ಅಪ್ಪಯ್ಯ ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದ. ತೆಕ್ಕಟ್ಟೆಯಲ್ಲಿ ಜನ ನಿಂತು ನೋಡಿದರೆ, ಯಾರೋ ಕರೆದರೆಂಬಂತೆ ಕೈ ಬೀಸಿದ. ನಾನು ಶಾಲು ಮುಖಕ್ಕೆಳೆದುಕೊಂಡೆ.

ದೋಣಿಯ ಇಂಜಿನ್ ರಿಪೇರಿ ಮಾಡುವವನೊಬ್ಬ ಬಂದು, ಬೈದುಕೊಳ್ಳುತ್ತ, ಬಿಚ್ಚುತ್ತ, ಕೂರಿಸುತ್ತ ಬೇಸಿಗೆ ಕಳೆದ. ಮಳೆ ಹಿಡಿಯುವ ಹೊತ್ತಿಗೆ ಕಾರು ಎದ್ದಿತು. ಸದ್ದು ಮಾತ್ರ ಅಪ್ಪಟ ದೋಣಿಯದ್ದೇ. ಮೊದಲ ಬಾಡಿಗೆಯ ದಿನ ನಾನೂ ಸ್ಟೇಷನ್ನಿಗೆ ಹೋಗಿದ್ದೆ. ಬೊಂಬಾಯಿಯಿಂದ ಬಂದವರೊಬ್ಬರು ಜಡಿಮಳೆಯಲ್ಲಿ ಪೆಟ್ಟಿಗೆ ಹಿಡಿದು ನಿಂತು, ಕಾರನ್ನು ಅನುಮಾನದಿಂದ ನೋಡಿದರು.

"ಹಾಲಾಡಿವರೆಗೆ ಮುಟ್ಟತ್ತಾ ಇದ್?"

ಅಪ್ಪಯ್ಯ ಯೋಚಿಸಿದ. ಸುಳ್ಳು ಹೇಳುವ ಜನ ಅಲ್ಲ ಅವನು.

"ಅಡಿಯಿಂದ ಒಂದ್ ಹನಿ ನೀರ್ ಬತ್ತಿಲ್ಲೆ," ಎಂದ.

ಅವರು ಹತ್ತಿ ಕೂತರು.

ಕತ್ತಲಾಗುವ ಮೊದಲೇ ದೂರದಿಂದ ಆ ದೋಣಿಯ ಸದ್ದು ಕೇಳಿಸಿತು. ಅಮ್ಮ ಒಲೆಯ ಮುಂದಿನಿಂದ ಎದ್ದಳು. ಅಪ್ಪಯ್ಯ ಅಂಗಳದಲ್ಲಿ ಕಾರು ನಿಲ್ಲಿಸಿ, ಒಳಗೆ ಬಂದು, "ಮುಟ್ಟಿತ್ತ್" ಎಂದ. ಅಮ್ಮ ಮಂಚದಡಿಯ ಟ್ರಂಕನ್ನು ಎಳೆದು, ಮಡಚಿಟ್ಟ ಅಂಗಿಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಗೂಟಕ್ಕೆ ನೇತುಹಾಕಿದಳು.