ಅರದಿಂದ ಕೊರೆದ ಗಾಯ

ಬೆಳಗಿನ ಜಾವ ನಾಲ್ಕೂವರೆ. ದನಾವೊ ಎಂಬ ಕಡಲೂರಿನ ಮೀನುದೋಣಿಗಳು ಇನ್ನೂ ದಡಕ್ಕೆ ಬಂದಿಲ್ಲ. ಅಡುಗೆಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಪೊಲಿಕಾರ್ಪೊ ಲಾವಾಸ್ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಬಿಸ್ಕತ್ತಿನ ಹಳೆಯ ಡಬ್ಬಿಗೆ ಕೈ ಇಳಿಸಿ, ಸೀಮೆಎಣ್ಣೆಯೊಳಗಿಂದ ಒಂದು ರಿವಾಲ್ವರನ್ನು ಮೇಲೆತ್ತುತ್ತಾರೆ. ಒಂಬತ್ತು ದಿನ ನೆಂದಿದೆ ಅದು. ತಂದ ದಿನ ಗುಂಡು ತುಂಬುವ ಉರುಳೆ ತಿರುಗುತ್ತಿರಲಿಲ್ಲ, ಮರದ ಹಿಡಿಯನ್ನು ಗೆದ್ದಲು ಅರ್ಧ ತಿಂದಿತ್ತು. ಈಗ ಪಕ್ಕದ ನಾಲ್ಕು ತಿರುಪುಗಳಲ್ಲಿ ಮೂರು ಬಿಚ್ಚಿವೆ. ನಾಲ್ಕನೆಯದರ ಮೇಲೆ ತಿರುಪುಳಿ ಇಟ್ಟು, ಮೆಲ್ಲಗೆ ಒತ್ತಿ ನೋಡಿ, ಕೈ ತೆಗೆಯುತ್ತಾರೆ.

“ಇದಕ್ಕಿನ್ನೂ ಕೋಪ ಇಳಿದಿಲ್ಲ,” ಎನ್ನುತ್ತಾರೆ. “ಜೋರು ಮಾಡಿದ್ರೆ ತಲೆ ಮುರ್ಕೊಂಡು ಕೂತ್ಬಿಡುತ್ತೆ. ಆಮೇಲೆ ದೇವರೇ ಬಂದ್ರೂ ಬಿಚ್ಚಲ್ಲ.”

ಎಣ್ಣೆಯನ್ನೆಲ್ಲ ಒರೆಸಿ, ಮೇಣದಬತ್ತಿಯ ಉರಿಯನ್ನು ತಿರುಪಿನ ಸುತ್ತ ಒಂದು ನಿಮಿಷ ಆಡಿಸುತ್ತಾರೆ. ಒಳಗಿನಿಂದ ಹೆಂಡತಿ ಅನಿಸೆತಾ ಕೂಗುತ್ತಾರೆ: “ನನ್ನ ನುಚ್ಚಿನ ಪಾತ್ರೆ ಎಲ್ರೀ?”

“ಇವತ್ತು ನನಗೆ ಬೇಕು.”

“ಕೋವಿ ಬೇಯಿಸಿದ ಪಾತ್ರೇಲಿ ನಾನು ಅಡುಗೆ ಮಾಡಿ, ಅದನ್ನ ನೀವು ತಿಂದು, ಇಬ್ಬರೂ ಇನ್ನೂ ಬದುಕಿದೀವಲ್ಲ, ಅದೇ ಆಶ್ಚರ್ಯ.”

“ಹೊಟ್ಟೆಗೆ ತುಕ್ಕಂತೂ ಹಿಡಿದಿಲ್ಲ ನೋಡು.”

ಕಾರ್ಪೊ ಅವರಿಗೆ ಅರವತ್ತೇಳು. ಬೀದಿಯವರು ನೊಂಗ್ ಕಾರ್ಪೊ ಎನ್ನುತ್ತಾರೆ, ಅಂದರೆ ಕಾರ್ಪೊ ಅಣ್ಣ. ಮೂವತ್ತೊಂದು ವರ್ಷದಿಂದ ಇದೊಂದೇ ಕೆಲಸ: ಮನೆಯ ಅಟ್ಟದಲ್ಲೋ ಪೆಟ್ಟಿಗೆಯ ತಳದಲ್ಲೋ ಸತ್ತು ಬಿದ್ದ ಹಳೆಯ ರಿವಾಲ್ವರುಗಳನ್ನು ಮತ್ತೆ ರಿವಾಲ್ವರಿನಂತೆ ಕಾಣುವ ಹಾಗೆ ಮಾಡುವುದು. ಇಲ್ಲಿಯವರೆಗೆ ನೂರ ಎಂಬತ್ತಕ್ಕೂ ಹೆಚ್ಚು ಆಗಿವೆ. ಒಂದಕ್ಕೆ ಮೂರು ವಾರ ಬೇಕು, ಕೆಲವಕ್ಕೆ ಮೂರು ತಿಂಗಳು. ಅವರ ಬಳಿ ಹತ್ತೊಂಬತ್ತು ಅರಗಳಿವೆ, ಒಂದು ಹಿತ್ತಾಳೆ ಬ್ರಷ್, ಬಿಗಿಸುವ ಒಂದು ಇಕ್ಕಳ, ಮತ್ತೆ ಹೆಂಡತಿಯ ಪಾತ್ರೆ. ವಿದ್ಯುತ್ತಿನಿಂದ ತಿರುಗುವ ಒಂದು ಚಕ್ರವೂ ಇಲ್ಲ. ಎಡಗಣ್ಣಿನ ದೃಷ್ಟಿ ಹೋಗುತ್ತ ಬಂದಿದೆ. ಬಲಗೈಯ ಹೆಬ್ಬೆರಳು ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿದ ಮೇಲಷ್ಟೇ ಮಡಚುತ್ತದೆ.

ಪುರಭವನದ ಗಾಜಿನ ಪೆಟ್ಟಿಗೆಯಲ್ಲಿ ಅವರ ಕೈಯಲ್ಲಿ ಮರಳಿ ಜೀವ ಪಡೆದ ಮೂರು ಕೋವಿಗಳಿವೆ. ಕೆಳಗಿನ ಚೀಟಿಯಲ್ಲಿ ಯುದ್ಧದಲ್ಲಿ ಹೋರಾಡಿದವರ ಹೆಸರಿದೆ, ದಾನ ಕೊಟ್ಟವರ ಹೆಸರಿದೆ. ಕಾರ್ಪೊ ಒಮ್ಮೆ ನೋಡಲು ಹೋದಾಗ ಕಾವಲುಗಾರ ಗಾಜಿಗೆ ಕೈ ತಾಗಿಸಬೇಡ ಎಂದು ಗದರಿದನಂತೆ.

ಅಪ್ಪ ಮೆಲ್ಚೊರ್ ಕೋವಿ ಮಾಡುವವರಾಗಿದ್ದರು. ಆ ಕಾಲದಲ್ಲಿ ಈ ಬೀದಿಯ ಅರ್ಧಕ್ಕರ್ಧ ಅಡುಗೆಮನೆಗಳಲ್ಲಿ ಒಲೆಯ ಪಕ್ಕದಲ್ಲೇ ಇಕ್ಕಳ ಇರುತ್ತಿತ್ತು. ಹೊರನಾಡಿನ ಒಂದು ಕೋವಿಯನ್ನು ಮುಂದಿಟ್ಟುಕೊಂಡು ಅದರಂತೆಯೇ ಇನ್ನೊಂದನ್ನು ಬರೀ ಅರದಿಂದ ಮಾಡುತ್ತಿದ್ದರು. ಕಾನೂನಿಗೆ ಅದು ಕಳ್ಳಮಾಲು, ಮನೆಗೆ ಅದೇ ಅನ್ನ. ಕಾರ್ಪೊಗೆ ಹನ್ನೊಂದು ವರ್ಷವಾದಾಗ ಅಪ್ಪ ಒಂದು ಕಬ್ಬಿಣದ ಗಟ್ಟಿ ಕೊಟ್ಟು ಆರೂ ಮುಖ ಸಮ ಮಾಡು ಎಂದರು. ನಾಲ್ಕು ತಿಂಗಳು ಬೇಕಾಯಿತು. ಸಮವಾದ ಮೇಲೆ ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, “ಹೂಂ” ಎಂದು ತೂತಾದ ಬಕೆಟ್ಟಿಗೆ ಎಸೆದರು. “ಅಪ್ಪ ನನ್ನನ್ನ ಹೊಗಳಿದ್ದು ಅದೊಂದೇ ಸಲ,” ಎನ್ನುತ್ತಾರೆ ಕಾರ್ಪೊ.

ಈ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತು. ಮಾಡಿದವನೇ ಮೊದಲ ಗುಂಡು ಹಾರಿಸಬೇಕು, ಅದೂ ತನ್ನ ಕೈಯಲ್ಲೇ ಹಿಡಿದು. ಮರಕ್ಕೆ ಕಟ್ಟಿ ಹಗ್ಗ ಎಳೆದವನ ಹತ್ತಿರ ಯಾರೂ ಕೊಳ್ಳುತ್ತಿರಲಿಲ್ಲ. ಕಾರ್ಪೊ ಅವರ ಅಣ್ಣ ಇಸ್ಕೊ ಒಮ್ಮೆ ಅವಸರದಲ್ಲಿ, ಎಂಥದೋ ಕಬ್ಬಿಣದಲ್ಲಿ ಒಂದನ್ನು ಮಾಡಿ ಮುಗಿಸಿ, ಬಾಳೆಗಿಡಗಳ ಹಿಂದೆ ಹೋಗಿ ಕೈ ಚಾಚಿದ. ಉರುಳೆ ಸಿಡಿಯಿತು. ಮೂರು ದಿನ ಬದುಕಿದ್ದ.

“ನಾನೇ ಆ ಉರುಳೆಗೆ ಕೊನೇ ಅರ ಹಾಕಿದ್ದು. ಬಿರುಕು ಇತ್ತೇನೋ. ನಾನು ನೋಡ್ಲಿಲ್ಲ,” ಎನ್ನುತ್ತಾರೆ ಕಾರ್ಪೊ. “ನೋಡಿದ್ರೆ ಕಾಣ್ತಿತ್ತೋ ಇಲ್ವೋ, ಅದೂ ಗೊತ್ತಿಲ್ಲ.”

ಅದರ ನಂತರ ಅವರು ಹೊಸದು ಮಾಡಲಿಲ್ಲ. ಲೈಸೆನ್ಸ್ ಪಡೆದು ಹಳತನ್ನು ಸರಿಮಾಡುವುದಕ್ಕೆ ಕುಳಿತರು. ಅಷ್ಟರಲ್ಲಿ ಪೊಲೀಸರು ಅಪ್ಪನನ್ನು ಎರಡು ಸಲ ಹಿಡಿದೊಯ್ದಿದ್ದರು. ಎರಡನೆಯ ಸಲ ಮನೆಯಲ್ಲಿದ್ದ ಅರ, ಅಚ್ಚು, ಅರ್ಧ ಮಾಡಿದ ಕೋವಿಗಳೆಲ್ಲ ಲಾರಿ ಹತ್ತಿದವು. ಉಳಿದ ಚೂರುಪಾರನ್ನು ಅಮ್ಮ ಹೆದರಿ ಸಮುದ್ರಕ್ಕೆ ಹಾಕಿದಳು. ಅಪ್ಪ ಸೆರೆಮನೆಯಿಂದ ಕೆಮ್ಮು ಹೊತ್ತು ಬಂದು ಎರಡೇ ಮಳೆಗಾಲ ಕಂಡರು. ಜೀವಮಾನವಿಡೀ ಕೈಯಿಂದ ಕೆಲಸ ಮಾಡಿದ ಮನುಷ್ಯನದೆಂದು ತೋರಿಸಲು ಮನೆಯಲ್ಲಿ ಒಂದು ಮೊಳೆಯೂ ಉಳಿದಿರಲಿಲ್ಲ.

ಈಗ ಎಣ್ಣೆಯಿಂದ ಮೇಲೆದ್ದಿರುವ ರಿವಾಲ್ವರನ್ನು ತಂದವರು ರೊಸೆಂದಾ ಟೀಚರ್. ನಿವೃತ್ತರು, ಈ ಬೀದಿಯ ಎರಡು ತಲೆಮಾರಿಗೆ ಅಕ್ಷರ ಕಲಿಸಿದವರು. ಯುದ್ಧದ ಕಾಲದಲ್ಲಿ ಬೆಟ್ಟದಲ್ಲಿದ್ದುಕೊಂಡು ಹೋರಾಡಿದ ಅವರ ಅಪ್ಪ ಕಳೆದ ವರ್ಷ ತೀರಿಕೊಂಡರು. ಅಮೆರಿಕದ ಒಬ್ಬ ಕ್ಯಾಪ್ಟನ್ ತನ್ನ ಸೊಂಟದಿಂದ ಬಿಚ್ಚಿ ಇದನ್ನು ತನಗೆ ಕೊಟ್ಟ ಎಂದು ಅವರು ಪ್ರತಿ ಹಬ್ಬದ ಊಟದಲ್ಲೂ ಹೇಳುತ್ತಿದ್ದರಂತೆ. ಟೀಚರಿಗೆ ಅದನ್ನು ನೋಂದಾಯಿಸಿ, ಅಪ್ಪನ ಹೆಸರಿನಲ್ಲಿ ಪುರಭವನದ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಬೇಕು. ನೋಂದಾಯಿಸುವ ಮೊದಲು ಕಚೇರಿಗೆ ಒಂದು ಚೀಟಿ ಕೊಡಬೇಕು: ಯಾವ ದೇಶದ್ದು, ಯಾರು ಮಾಡಿದ್ದು ಎಂದು. ಅದಕ್ಕೆ ಸಹಿ ಹಾಕಬೇಕಾದವರು ಕಾರ್ಪೊ.

ಆ ಬೆಳಿಗ್ಗೆ ನಾಲ್ಕನೆಯ ತಿರುಪು ಕೊನೆಗೂ ಬಿಡುತ್ತದೆ. ಕಾರ್ಪೊ ತೆಂಗಿನ ನಾರಿನಿಂದ ಟ್ರಿಗರಿನ ಕಾವಲಿಗಿರುವ ಕಬ್ಬಿಣದ ಬಳೆಯನ್ನು ಉಜ್ಜುತ್ತಾರೆ. ತುಕ್ಕು ಎದ್ದಂತೆ ಬಳೆಯ ಅಡಿಯಲ್ಲಿ ಒಂದು ತಗ್ಗು ಕಾಣುತ್ತದೆ, ಎಲ್ಲೋ ಕಲ್ಲಿಗೆ ಬಡಿದ ಗಾಯದಂತೆ. ಇಂಥವನ್ನು ತಟ್ಟಿ ಸಮ ಮಾಡುವುದು ವಾಡಿಕೆ. ಸುತ್ತಿಗೆ ಎತ್ತಿದವರು ಕನ್ನಡಕ ಹಣೆಗೇರಿಸಿ, ಬಳೆಯನ್ನು ಮೂಗಿನ ಹತ್ತಿರ ತರುತ್ತಾರೆ. ತಗ್ಗಿನೊಳಗೆ ಸಣ್ಣ ಗೆರೆಗಳಿವೆ, ಒಂದೇ ದಿಕ್ಕಿಗೆ, ಬಾಚಿದ ಹಾಗೆ. ಪೆಟ್ಟು ಬಿದ್ದ ಕಬ್ಬಿಣದಲ್ಲಿ ಅಂಥ ಗೆರೆ ಇರುವುದಿಲ್ಲ. ಅದು ಅರದ ಗುರುತು.

ಅವರು ಸುತ್ತಿಗೆಯನ್ನು ಕೆಳಗಿಡುತ್ತಾರೆ.

ಅಪ್ಪನನ್ನು ಬೀದಿಯೆಲ್ಲ ಆಡಿಕೊಂಡು ನಕ್ಕ ಕತೆಯದು. ಮೆಲ್ಚೊರ್ ಮೊದಮೊದಲು ನಕಲು ಮಾಡಿದ್ದು ಒಬ್ಬ ಪೇದೆ ಎರವಲು ಕೊಟ್ಟಿದ್ದ ರಿವಾಲ್ವರನ್ನು ನೋಡಿ. ಅದರ ಬಳೆ ಎಲ್ಲೋ ಬಿದ್ದು ನೆಗ್ಗಿತ್ತು. ಬೇರೆ ರಿವಾಲ್ವರನ್ನು ಕಂಡೇ ಇರದ ಮೆಲ್ಚೊರ್, ಬಳೆ ಇರುವುದೇ ಹಾಗೆಂದು ತಿಳಿದು, ಆ ನೆಗ್ಗನ್ನೂ ಎರಡು ದಿನ ಕೂತು ಅರದಿಂದ ಕೊರೆದರು. ಒಂದರಲ್ಲಲ್ಲ, ಹನ್ನೊಂದರಲ್ಲಿ. “ಗುರುಗಳ ಮುಖದ ಮೇಲೆ ನೊಣ ಕೂತಿದ್ರೆ ನೀನು ನೊಣಾನೂ ಬರೀತೀಯ ಕಣೋ ಮೆಲ್ಚೊರ್” ಎಂದು ಕಳ್ಳಿನ ಅಂಗಡಿಯಲ್ಲಿ ಗೆಳೆಯರು ಕಾಡುತ್ತಿದ್ದರು. ಆ ಹನ್ನೊಂದರಲ್ಲಿ ಒಂದು ಈಗ ಮಗನ ತೊಡೆಯ ಮೇಲಿದೆ. ಟೀಚರ ಅಪ್ಪ ಅದನ್ನು ಎಲ್ಲಿ ಕೊಂಡರು, ಏಕೆ ಕೊಂಡರು, ಕ್ಯಾಪ್ಟನ್ ಕೊಟ್ಟದ್ದೊಂದು ನಿಜವಾಗಿಯೂ ಇದ್ದು ಕಳೆದುಹೋಗಿತ್ತೇ, ಯಾರಿಗೂ ತಿಳಿಯದು.

ತಿಳಿದಿರುವುದು ಇಷ್ಟು. ಅಮೆರಿಕದ್ದು ಎಂದು ಬರೆದರೆ ಅಪ್ಪನ ಕೆಲಸ ಗಾಜಿನೊಳಗೆ ಉಳಿಯುತ್ತದೆ, ಬೇರೆಯವರ ಹೆಸರಿನಲ್ಲಿ. ನಿಜ ಬರೆದರೆ ಅದು ಕಳ್ಳಮಾಲು. ಠಾಣೆಗೆ ಒಪ್ಪಿಸಬೇಕು. ಅಲ್ಲಿಂದ ಅದು ಜಜ್ಜುವ ಯಂತ್ರಕ್ಕೆ ಹೋಗುತ್ತದೆ.

ನಾಲ್ಕು ದಿನ ಕಾರ್ಪೊ ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳುವುದಿಲ್ಲ.

“ಅಮೆರಿಕದ್ದು ಅಂತ ಬರೆದು ಬಿಸಾಕಿ,” ಎನ್ನುತ್ತಾರೆ ಅನಿಸೆತಾ, ಒಣಮೀನು ಹುರಿಯುತ್ತ. “ಮಾವ ಮಾಡಿದ್ದನ್ನ ಊರೆಲ್ಲ ನಿಂತು ನೋಡ್ಲಿ.”

“ಅಪ್ಪಂದು ಅಂತ ಯಾರಿಗೂ ಗೊತ್ತಾಗಲ್ವಲ್ಲ.”

“ನಿಮಗೆ ಗೊತ್ತಿರುತ್ತಲ್ಲ. ಸಾಲ್ದಾ?”

“ಸಹಿ ನಂದು, ಸೆತಾ. ಅಣ್ಣನ ಉರುಳೆ ನೋಡ್ಲಿಲ್ಲ ಅಂತ ಒಂದು ಸಲ ಹೇಳಿದೀನಿ. ನೋಡಿಯೂ ನೋಡಿಲ್ಲ ಅಂತ ಹೆಂಗೆ ಬರೀಲಿ?”

ಐದನೆಯ ದಿನ ಟೀಚರನ್ನು ಕರೆಸಿ, ಬಳೆಯನ್ನೂ ಭೂತಗನ್ನಡಿಯನ್ನೂ ಕೈಗೆ ಕೊಟ್ಟು, ಅಪ್ಪನ ನೆಗ್ಗಿನ ಕತೆ ಹೇಳುತ್ತಾರೆ. ಟೀಚರ್ ನೋಡುತ್ತಾರೆ, ಕೇಳುತ್ತಾರೆ.

“ಹಾಗಾದ್ರೆ ನಮ್ಮಪ್ಪ ಜೀವಮಾನವೆಲ್ಲ ಸುಳ್ಳು ಹೇಳಿದ್ರು ಅಂತೀಯಾ?”

“ನಿಮ್ಮಪ್ಪ ಹೇಳಿದ್ದು ನನಗೆ ಗೊತ್ತಿಲ್ಲ ಟೀಚರ್. ಕಬ್ಬಿಣ ಹೇಳಿದ್ದು ಇದು.”

“ನಿಮ್ಮಪ್ಪನಿಗೆ ಹೆಸರು ಬರ್ಲಿ ಅಂತ ನಮ್ಮಪ್ಪನ ಹೆಸರಿಗೆ ಮಸಿ ಬಳೀತೀಯಲ್ಲೋ ಕಾರ್ಪೊ. ನಿನಗೇನು ಕೇಡು ಬಂದಿತ್ತು?”

ಕೊಟ್ಟಿದ್ದ ಕಾಫಿ ಹಾಗೆಯೇ ಉಳಿಯುತ್ತದೆ. ಟೀಚರ್ ಛತ್ರಿಯನ್ನು ಮರೆತು ಹೋಗುತ್ತಾರೆ. ಎರಡು ದಿನದ ಮೇಲೆ ಅದನ್ನು ಒಯ್ಯಲು ಬಂದವರು ಬಾಗಿಲಲ್ಲೇ ನಿಂತು, “ಸೋಮವಾರ ಠಾಣೆಗೆ ಹೋಗೋಣ. ತಾವಾಗಿ ತಂದುಕೊಟ್ರೆ ಕೇಸಿಲ್ವಂತೆ. ಸುಳ್ಳು ಬರೀಬೇಡಿ ಅಂತ ನಲವತ್ತು ವರ್ಷ ಮಕ್ಕಳ ಕೈಗೆ ಹೊಡೆದಿದೀನಿ,” ಎನ್ನುತ್ತಾರೆ. ಟೀಚರ್ ಕಾರ್ಪೊ ಅವರ ಮುಖ ನೋಡುವುದಿಲ್ಲ. ಇಲ್ಲಿ ಬರೆದಿರುವುದನ್ನೆಲ್ಲ ಟೀಚರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಅಚ್ಚಿಗೆ ಕೊಡಲಾಗಿದೆ.

ಸೋಮವಾರಕ್ಕೆ ಇನ್ನೂ ಆರು ದಿನ ಉಳಿದಿವೆ. ಜಜ್ಜಿ ಹಾಕುವ ವಸ್ತುವಿಗೆ ಇನ್ನು ಮಾಡುವುದೇನಿದೆ ಎಂದು ಯಾರಿಗಾದರೂ ಅನಿಸಬಹುದು. ಕಾರ್ಪೊ ಆ ಆರು ದಿನವೂ ನಾಲ್ಕಕ್ಕೇ ಏಳುತ್ತಾರೆ. ಬಿಡಿಭಾಗಗಳಿಗೆ ತಾವೇ ತೆಳ್ಳಗೆ ತುಕ್ಕು ಬರಿಸಿ, ನುಚ್ಚಿನ ಪಾತ್ರೆಯಲ್ಲಿ ಕುದಿಸಿ, ಕಪ್ಪಾದ ಮೇಲೆ ಉಜ್ಜಿ, ಮತ್ತೆ ತುಕ್ಕು ಬರಿಸಿ, ಮತ್ತೆ ಕುದಿಸುತ್ತಾರೆ. ಏಳನೆಯ ಸಲಕ್ಕೆ ಕಬ್ಬಿಣ ಕಾಗೆಯ ರೆಕ್ಕೆಯ ಬಣ್ಣಕ್ಕೆ ತಿರುಗುತ್ತದೆ. ಹಲಸಿನ ಮರದಿಂದ ಹೊಸ ಹಿಡಿ ಕೊರೆಯುತ್ತಾರೆ. ಬಳೆಯ ತಗ್ಗನ್ನು ಮಾತ್ರ ಮುಟ್ಟುವುದಿಲ್ಲ.

“ಹುಚ್ಚು ನಿಮಗೆ,” ಎನ್ನುತ್ತಾರೆ ಅನಿಸೆತಾ. ಆದರೆ ಪಾತ್ರೆ ಕೇಳುವುದಿಲ್ಲ.

“ಸತ್ತವರನ್ನ ಕೊಳೆ ಬಟ್ಟೇಲಿ ಕಳಿಸ್ತಾರಾ ಯಾರಾದ್ರೂ?” ಎನ್ನುತ್ತಾರೆ ಕಾರ್ಪೊ.

ಕೊನೆಗೊಂದು ಪರೀಕ್ಷೆ ಉಳಿದಿದೆ. ಅಣ್ಣ ಸತ್ತಂದಿನಿಂದ ಅವರು ಒಂದು ಕೋವಿಯನ್ನೂ ಇದಿಲ್ಲದೆ ಮನೆಯಿಂದ ಹೊರಗೆ ಕಳಿಸಿಲ್ಲ. ಉರುಳೆಯನ್ನು ಒಂದು ಇಡೀ ದಿನ ಸೀಮೆಎಣ್ಣೆಯಲ್ಲಿಟ್ಟು, ಒಣಗಿಸಿ ಒರೆಸಿ, ಮೇಲೆಲ್ಲ ಸೀಮೆಸುಣ್ಣದ ಪುಡಿ ಬಳಿಯುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಸೇರಿದ ಎಣ್ಣೆ ಹೊರಗೆ ಜಿನುಗಿ, ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಅರ್ಧ ಗಂಟೆ ಸಾಕು. ಕಾರ್ಪೊ ಎರಡು ಗಂಟೆ ಕಾಯುತ್ತಾರೆ. ಬೆಳಕು ಹರಿದು, ಬೀದಿಯಲ್ಲಿ ಮೊದಲ ಜೀಪ್ನಿ ಬಸ್ಸು ಸದ್ದು ಮಾಡುತ್ತ ಹೋಗುತ್ತದೆ. ಉರುಳೆ ಹಿಟ್ಟಿನ ಮುದ್ದೆಯಂತೆ ಬೆಳ್ಳಗೇ ಇದೆ. ಒಂದು ಗೆರೆಯೂ ಇಲ್ಲ.

“ಅರವತ್ತು ವರ್ಷ ಆಗಿರಬೇಕು ಇದಕ್ಕೆ,” ಎಂದು ಹೆಂಡತಿಯನ್ನು ಕರೆದು ತೋರಿಸುತ್ತಾರೆ. “ಮುರುಕು ಒಲೆ ಮುಂದೆ ಕೂತು ಮಾಡಿದ್ದು.”

ಸೋಮವಾರ ಠಾಣೆಯಲ್ಲಿ ಪೊಲೀಸಿನವನು ರಿವಾಲ್ವರನ್ನು ಅತ್ತಿತ್ತ ತಿರುಗಿಸಿ, “ಇಷ್ಟು ಚೆನ್ನಾಗಿರೋದನ್ನ ಯಾಕೆ ಕೊಡ್ತೀರಿ?” ಎಂದು ಕೇಳುತ್ತಾನೆ. ಟೀಚರ್ ಕಾರಣ ಹೇಳುತ್ತಾರೆ. ಅವನು ನಮೂನೆ ತುಂಬುತ್ತ ಹೋಗಿ ‘ತಯಾರಕರು’ ಎಂಬಲ್ಲಿ ‘ಸ್ಥಳೀಯ, ಗೊತ್ತಿಲ್ಲ’ ಎಂದು ಬರೆಯಲು ಪೆನ್ನು ಇಡುತ್ತಾನೆ.

“ಗೊತ್ತಿದೆ,” ಎನ್ನುತ್ತಾರೆ ಕಾರ್ಪೊ. “ಮೆಲ್ಚೊರ್ ಲಾವಾಸ್.”

“ಅದೆಲ್ಲ ಬೇಡ ತಾತ. ಎಲ್ಲದಕ್ಕೂ ನಾವು ಹಿಂಗೇ ಬರೆಯೋದು.”

“ಬರಿಯೋ,” ಎನ್ನುತ್ತಾರೆ ರೊಸೆಂದಾ ಟೀಚರ್. “ಅಕ್ಷರ ನಾನೇ ಕಲಿಸಿದ್ದಲ್ವಾ ನಿನಗೆ? ಪೂರ್ತಿ ಹೆಸರು ಬರಿ.”

ಅವನು ಬರೆಯುತ್ತಾನೆ. ಟ್ರಿಗರಿನ ಬಳೆಗೆ ತಂತಿಯಿಂದ ಒಂದು ಚೀಟಿ ಕಟ್ಟಿ, ರಿವಾಲ್ವರನ್ನು ಮೂಲೆಯ ಗೋಣಿಚೀಲಕ್ಕೆ ಹಾಕುತ್ತಾನೆ. ಒಳಗಿದ್ದ ಬೇರೆ ಕಬ್ಬಿಣಕ್ಕೆ ಅದು ತಾಗಿ ಸದ್ದಾದಾಗ ಕಾರ್ಪೊ ಅವರ ಕೈ ತಾನಾಗಿ ಮುಂದೆ ಹೋಗಿ, ಹಿಂದಕ್ಕೆ ಬರುತ್ತದೆ. ಮುಂದಿನ ತಿಂಗಳು ಚೀಲ ಯಂತ್ರಕ್ಕೆ ಹೋಗುತ್ತದೆ.

ಎದ್ದು ಹೊರಟ ಕಾರ್ಪೊ ಬಾಗಿಲ ಬಳಿ ನಿಂತು ತಿರುಗುತ್ತಾರೆ.

“ಆ ಕಾಗದ ಎಷ್ಟು ವರ್ಷ ಇಡ್ತೀರಪ್ಪ?”

“ಹತ್ತು ವರ್ಷ ಇಡಲೇಬೇಕು ತಾತ. ರೂಲ್ಸು.”

“ಹತ್ತು ವರ್ಷ,” ಎನ್ನುತ್ತಾರೆ ಕಾರ್ಪೊ. “ಅಷ್ಟು ಸಾಕು.”