ಕೊರಕಲಿನ ಅಂಚಿನಲ್ಲಿ ಖೇತಿಸಾ

ನನ್ನ ಗಂಡ ಖೇತಿಸಾ ನೀರಿಗೆ ಬೈಯುತ್ತಿದ್ದ. ಮಳೆ ಬಂದರೆ ಊರಿನ ಬೇರೆ ಗಂಡಸರು ಒಳಗೆ ಬೆಂಕಿ ಕಾಯಿಸಿಕೊಳ್ಳುತ್ತಾ ಕೂರುತ್ತಿದ್ದರು. ಇವನು ಕಂಬಳಿ ಹೊದ್ದು, ಗುದ್ದಲಿ ಹಿಡಿದು, ಗುಡ್ಡದಿಂದ ಇಳಿಯುವ ಕೆಂಪು ನೀರಿಗೆ ಎದುರು ನಿಲ್ಲುತ್ತಿದ್ದ. "ಕಳ್ಳ ನನ್ನ ಮಗನೇ, ಮಣ್ಣು ಕೆಳಗಿಟ್ಟು ಹೋಗೋ" ಎನ್ನುತ್ತಿದ್ದ. ನೀರು ಯಾವತ್ತೂ ಇಟ್ಟು ಹೋಗಲಿಲ್ಲ.

ನಾನು ಮದುವೆಯಾಗಿ ಮಫೆಟೆಂಗ್ ಕಡೆಯ ಈ ಊರಿಗೆ ಬಂದಾಗ ಕೊರಕಲು ಇರಲಿಲ್ಲ. ಮನೆಯ ಬಾಗಿಲಲ್ಲಿ ಕುಂಬಳಕಾಯಿ ಉರುಳಿಸಿಬಿಟ್ಟರೆ ಕೆಳಗಿನ ಹಳ್ಳದವರೆಗೆ ಹೋಗುತ್ತಿತ್ತು, ಅಷ್ಟು ನುಣ್ಣಗಿನ ಇಳಿಜಾರು, ಪೂರಾ ಹುಲ್ಲು. ನಡುವೆ ದನದ ಕಾಲುದಾರಿ ಒಂದೇ. ಮನೆಯ ಪಕ್ಕದ ಕಲ್ಲುಗೋಡೆಯ ದೊಡ್ಡಿಯಿಂದ ಹೊರಟು, ನೆಟ್ಟಗೆ ಹಳ್ಳಕ್ಕೆ. ಮಾವನ ದನಗಳು ದಿನಾ ಒಂದರ ಹಿಂದೆ ಒಂದು, ಇಟ್ಟ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ನೀರಿಗೆ ಹೋಗಿ ಬರುತ್ತಿದ್ದವು. ಮೊದಲು ದಾರಿಯ ಹುಲ್ಲು ಹೋಯಿತು. ಆಮೇಲೆ ದಾರಿ ಪಾದ ಮುಳುಗುವಷ್ಟು ಆಳವಾಯಿತು. ಗೊರಸಿಗೆ ಕಷ್ಟವಾದಾಗ ದನಗಳೇ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಂಡವು. ಒಂದು ಮಳೆಗೆ ಎರಡೂ ಕೂಡಿಕೊಂಡವು. ಈ ಕೊರಕಲನ್ನು ದೇವರು ಮಾಡಲಿಲ್ಲ, ನಮ್ಮ ದನ ಮಾಡಿದವು.

ದನವನ್ನು ಓರೆಯಾಗಿ ಇಳಿಸಿ ಎಂದು ಗಂಡನಿಗೆ ಹೇಳಿದೆ. "ಇದು ಅಪ್ಪನ ದಾರಿ ಕಣೆ. ಓರೆಯಾಗಿ ನಡೆಯೋಕೆ ಅವೇನು ಕುಡಿದಿದಾವಾ?" ಎಂದ. ಆ ಮಾತನ್ನೇ ಹೆಂಡದ ಮನೆಯಲ್ಲೂ ಹೇಳಿ ಎಲ್ಲರನ್ನೂ ನಗಿಸಿದ.

ಪ್ರಾಯದಲ್ಲಿ ಗಡಿಯಾಚೆ ಚಿನ್ನದ ಗಣಿಯಲ್ಲಿ ಅಗೆದವನು ಅವನು. ಕೆಮ್ಮು ಹತ್ತಿಸಿಕೊಂಡು ಮನೆಗೆ ಬಂದ. ಅಲ್ಲಿ ತೋಡಿದ್ದು ಸಾಕು, ಇನ್ನು ಇಲ್ಲಿ ಮುಚ್ಚುತ್ತೇನೆ ಎಂದು ಒಂಟಿಗಾಲಿಯ ಗಾಡಿಯಲ್ಲಿ ಕಲ್ಲು ತಂದು ಕೊರಕಲಿಗೆ ಅಡ್ಡ ಹಾಕಿದ. ಮೊದಲ ವರ್ಷ ಕಲ್ಲಿನ ಹಿಂದೆ ಮಣ್ಣು ನಿಂತಿತು, ಹುಲ್ಲೂ ಬಂತು. ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದ. ಮರುವರ್ಷ ಆಲಿಕಲ್ಲಿನ ಮಳೆಯಲ್ಲಿ ನೀರು ಕಲ್ಲಿನ ಬದಿಯಿಂದ ನುಗ್ಗಿ ದಡವನ್ನೇ ತಿಂದಿತು. ಅವನ ಕಲ್ಲುಗಳು ಮುದುಕನ ಹಲ್ಲಿನ ಹಾಗೆ ನಡುವೆ ಉಳಿದವು. ದೊಡ್ಡಿಯ ಮೇಲುಗಡೆ ಕಾಲುವೆ ತೋಡಿ ನೀರು ತಿರುಗಿಸಲು ನೋಡಿದ. ಕಾಲುವೆ ಒಡೆಯಿತು.

ತಪ್ಪು ಮೇಲಿತ್ತು. ಗುಡ್ಡದ ಹುಲ್ಲನ್ನು ಎಲ್ಲರ ಕುರಿಗಳೂ ಬೇರು ಸಮೇತ ಮೇಯ್ದಿದ್ದವು. ಕುರಿ ಮುಟ್ಟದ ಕಹಿ ಪೊದೆ ಮಾತ್ರ ಉಳಿದಿತ್ತು. ಮಳೆ ಬಿದ್ದರೆ ನೆಲ ಕುಡಿಯುತ್ತಿರಲಿಲ್ಲ, ನೀರು ತಗಡಿನ ಮೇಲಿಂದ ಜಾರಿದ ಹಾಗೆ ಜಾರಿ ಬರುತ್ತಿತ್ತು. ಗುಡ್ಡಕ್ಕೆ ಕೆಲವು ವರ್ಷ ದನಕರು ಬಿಡಬಾರದೆಂದು ಖೇತಿಸಾ ಊರಸಭೆಯಲ್ಲಿ ಕೇಳಿದ. ಎಲ್ಲರೂ ಆಗಲಿ ಎಂದರು. ಎಲ್ಲರೂ ಕದ್ದು ಬಿಟ್ಟರು. ಅವನೂ ಒಮ್ಮೆ ಬಿಟ್ಟ. ಹಸು ಈದಿತ್ತು, ಕೆಚ್ಚಲಲ್ಲಿ ಹಾಲಿರಲಿಲ್ಲ.

ನೀರು ಕೆಳಗೆ ಹೋಗುತ್ತದೆ, ಕೊರಕಲು ಮೇಲಕ್ಕೆ ಬರುತ್ತದೆ. ಅದು ದೊಡ್ಡಿಯ ಕೆಳಗೋಡೆ ಮುಟ್ಟುವ ಹೊತ್ತಿಗೆ ಇವನು ಹಾಸಿಗೆ ಹಿಡಿದಿದ್ದ. ನಮ್ಮಲ್ಲಿ ಮನೆಯ ಯಜಮಾನನನ್ನು ಅವನ ದನದ ದೊಡ್ಡಿಯಲ್ಲೇ ಹೂಳುತ್ತಾರೆ. ಮಾವ ಅಲ್ಲೇ ಇದ್ದಾನೆ. ಒಂದು ದಿನ ಖೇತಿಸಾ ಹೇಳಿದ: "ನನ್ನನ್ನ ದೊಡ್ಡೀಲಿ ಹಾಕಬೇಡಿ. ಅಪ್ಪ ಬಂಡೆ ಪಕ್ಕ ಇದಾನೆ, ಅವನಿಗೇನೂ ಆಗಲ್ಲ. ಇನ್ನು ಜಾಗ ಇರೋದು ಕೆಳಗೋಡೆ ಹತ್ರ. ಅಲ್ಲಿ ಗುಂಡಿ ತೋಡಿದ್ರೆ ನೀರಿಗೆ ಬಾಗಿಲು ತೆಗೆದಂಗೆ. ಮೇಲೆ ಚರ್ಚ್ ಹಿಂದೆ ಹಾಕಿ."

ನಿಮ್ಮ ಅಣ್ಣನಿಗೆ ನೀವೇ ಹೇಳಿ ಎಂದೆ. ನಾಳೆ ಕರೆಸು ಎಂದ. ಆ ನಾಳೆ ಬರಲಿಲ್ಲ.

ಗಂಡ ಸತ್ತವಳು ಮಣ್ಣು ಆಗುವವರೆಗೆ ನೆಲದ ಹಾಸಿಗೆ ಬಿಟ್ಟು ಏಳಬಾರದು. ಮಗಳು ಕೆಫುವೆಯ ಕೈಲಿ ಭಾವ ಸೆಕಾಕೆಗೆ ಹೇಳಿ ಕಳಿಸಿದೆ. ಅವನು ಬಂದು ಟೋಪಿ ತೆಗೆದು ಬಾಗಿಲಲ್ಲಿ ನಿಂತ.

"ಕೆಫುವೆಯ ಅವ್ವಾ, ಯಜಮಾನ ಅಂದ್ಮೇಲೆ ಅವನ ದನ ಅವನ ತಲೆ ಮೇಲೆ ಓಡಾಡ್ಬೇಕು. ಚರ್ಚ್ ಹಿಂದೆ ಹಾಕೋಕೆ ಅವನೇನು ದಿಕ್ಕಿಲ್ಲದೋನಾ?"

"ಅವರೇ ಹೇಳಿದ್ದು, ಭಾವ."

"ನಿನ್ನ ಹತ್ರ ಹೇಳ್ದ. ನನ್ನ ಹತ್ರ ಹೇಳ್ಲಿಲ್ಲ."

"ಅಲ್ಲಿಗೆ ನೀರು ಬರುತ್ತೆ."

"ಬದುಕಿದ್ದಷ್ಟು ದಿನ ನೀರು ಬರುತ್ತೆ ನೀರು ಬರುತ್ತೆ ಅಂದ. ಇನ್ನಾದ್ರೂ ಸುಮ್ನೆ ಮಲಗ್ಲಿ ಬಿಡು."

ಭಾವ ಕೆಟ್ಟವನಲ್ಲ. ಹೇಳುತ್ತಲೇ ಅಳುತ್ತಿದ್ದ. ಕೆಳಗೋಡೆಯ ಪಕ್ಕದಲ್ಲೇ ಹೂತರು.

ನನಗೆ ಕಪ್ಪು ಬಟ್ಟೆ ಉಡಿಸಿದರು. ಕಪ್ಪು ಉಟ್ಟವಳು ದನದ ನಡುವೆ ಹೋಗಬಾರದು, ಹೊಲ ತುಳಿಯಬಾರದು. ದೊಡ್ಡಿಯೊಳಗಂತೂ ಹೆಂಗಸರು ಯಾವತ್ತೂ ಕಾಲಿಡುವಂತಿಲ್ಲ. ಚಳಿಗಾಲ ಪೂರ್ತಿ ಬಾಗಿಲಲ್ಲಿ ಕೂತು ಆ ಗೋಡೆ ನೋಡಿದೆ. ಮಳೆಯಿಲ್ಲ, ಏನೂ ಆಗಲಿಲ್ಲ. ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದ್ದೆ.

ಮೊದಲ ಮಳೆ ಹಗಲು ಹೊತ್ತಲ್ಲೇ ಬಂತು. ಗುಡ್ಡದಿಂದ ನೀರು ಹಾಸಿಗೆ ಹಾಸಿದ ಹಾಗೆ ಇಳಿಯಿತು, ದೊಡ್ಡಿ ತುಂಬಿತು. ಹೊರಗೆ ಹೋಗಲು ದಾರಿ ಹುಡುಕಿತು. ಎಲ್ಲ ಕಡೆ ನೆಲ ದನ ತುಳಿದು ಗಟ್ಟಿಯಾಗಿತ್ತು, ಒಂದು ಕಡೆ ಮಾತ್ರ ಸಡಿಲ. ಅಲ್ಲಿಂದಲೇ ಹೋಯಿತು. ಗೋಡೆಯ ಮೂಲೆ ಕೊರಕಲಿಗೆ ಬಿದ್ದದ್ದು ನನಗೆ ಕೇಳಿಸಿತು.

ಮಾರನೆಯ ದಿನ ಭಾವ ಬಂದು ದನಗಳನ್ನು ತನ್ನ ಮನೆಗೆ ಹೊಡೆದುಕೊಂಡು ಹೋದ. ದನವಿಲ್ಲದ ಮೇಲೆ ಅದೆಂಥ ದೊಡ್ಡಿ? ನಾನು ಒಳಗೆ ಹೋದೆ. ಗೋರಿಯ ಮಣ್ಣು ಕುಸಿದಿತ್ತು. ಅವನ ಕಾಲಿನ ಕಡೆಯಿಂದ ಅಂಚಿಗೆ ಒಂದು ಹಸು ನಿಲ್ಲುವಷ್ಟು ಜಾಗ ಉಳಿದಿತ್ತು. ಅಂಚಿನ ಅಡಿಯೂ ಪೊಳ್ಳು. ಬಿದ್ದ ಗೋಡೆಯ ಕಲ್ಲು ಎತ್ತಿ ಎತ್ತಿ ಇಟ್ಟೆ. ಕಲ್ಲಿನ ಭಾರಕ್ಕೆ ಅಂಚಿನ ಮಣ್ಣು ಇನ್ನಷ್ಟು ಕಳಚಿತು. ಇಡುವುದನ್ನು ನಿಲ್ಲಿಸಿದೆ.

ಭಾವ ನನ್ನನ್ನು ಅಲ್ಲಿ ನೋಡಿದ. ಹೊರಗೆ ಬಾ ಎನ್ನಲಿಲ್ಲ. "ಅವನನ್ನ ತೆಗೆಯೋಣ, ಕೆಫುವೆಯ ಅವ್ವಾ. ಸಭೇಲಿ ಕೇಳ್ತೀನಿ" ಎಂದ.

ಕೇಳಿದ. ತಮ್ಮನನ್ನು ಚರ್ಚಿನ ಹಿಂದಕ್ಕೆ ಒಯ್ಯುತ್ತೇನೆ, ನನ್ನ ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿದ. ಹಿರಿಯರು ಆಗದು ಎಂದು ತಲೆಯಾಡಿಸಿದರು. ಹೆಂಡತಿ ಕಪ್ಪು ಉಟ್ಟಿರುವಾಗ ಗೋರಿ ತೆಗೆದರೆ ಮನೆಗೆ ಇನ್ನೊಂದು ಸಾವು ಎಂದರು. ಕಪ್ಪು ತೆಗೆಯುವುದು ವರ್ಷ ತುಂಬಿದ ಮೇಲೆ, ಮಳೆಗಾಲ ಕಳೆದು. ಅಲ್ಲಿಯವರೆಗೆ ಕಲ್ಲು ಹಾಕಿ ಎಂದು ಒಬ್ಬ ಹೇಳಿದ. ಖೇತಿಸಾ ಹಾಕಿದ್ದೇ ನಿಲ್ಲಲಿಲ್ಲ, ನಾವು ಹಾಕಿದ್ದು ನಿಲ್ಲುತ್ತದೆಯೇ ಎಂದು ಇನ್ನೊಬ್ಬ ಹೇಳಿದ. ಕೆಲವರು ನಕ್ಕರು.

ಹೆಂಗಸರ ನಡುವಿಂದ ಎದ್ದು ನಿಂತೆ. "ನಾನು ಕಪ್ಪು ತೆಗೆಯೋ ಹೊತ್ತಿಗೆ ಅಲ್ಲಿ ತೆಗೆಯೋಕೆ ಅವರೇ ಇರಲ್ಲ."

ಊರಿನ ನಾಯಕ ನೆಲ ನೋಡಿದ. "ಗೊತ್ತು ತಾಯಿ. ನಾನು ಮಾಡಿದ ಕಟ್ಟಳೆ ಅಲ್ಲ ಇದು" ಎಂದ. ಸಭೆ ಮುಗಿಸಿದ.

ನಮ್ಮಲ್ಲಿ ಸಭೆ ಮುಗಿದಾಗ ಎಲ್ಲರೂ ಎದ್ದು, ಟೋಪಿ ಎತ್ತಿ, ಮಳೆ ಬರಲಿ ಎಂದು ಒಟ್ಟಿಗೆ ಕೂಗುತ್ತಾರೆ. ಅವತ್ತೂ ಕೂಗಿದರು. ಜೋಳ ಬಿತ್ತಬೇಕಿತ್ತು, ಒಂದು ಮಳೆ ಸಾಲದು, ಅವರದೇನು ತಪ್ಪು. ಭಾವ ನನ್ನ ಕಡೆ ನೋಡಿದ, ಆಮೇಲೆ ಅವನೂ ಟೋಪಿ ಎತ್ತಿದ. ಪಕ್ಕದಲ್ಲಿದ್ದ ಮಗಳು ಕೂಗಲು ಬಾಯಿ ತೆರೆದಳು. ಅವಳ ಬಾಯಿಗೆ ಕೈ ಅಡ್ಡ ಇಟ್ಟೆ.